ಆಕಾಶಗಂಗೆಯ ದಪ್ಪವನ್ನು ಅಳೆಯಹೊರಟಾಗ

‘ಎಲೀಟ್ ಡೇಂಜರಸ್’ ಎಂಬ ಬಾಹ್ಯಾಕಾಶ ಯಾನದ ಕಂಪ್ಯೂಟರ್ ಆಟ ಆಡುವವರಲ್ಲಿ ಬಹಳ ಮಂದಿ ಒಂದಲ್ಲ ಒಂದು ದಿನ ಗೆಲಾಕ್ಸಿಯ ನಟ್ಟನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಕಪ್ಪುಕುಳಿಯತ್ತ ಹೊರಡುತ್ತಾರೆ. ಸೂರ್ಯನಿಂದ ಅದು ಸುಮಾರು 25,900 ಜ್ಯೋತಿರ್ವರ್ಷ ದೂರ. ನಾನೂ ಹೋದೆ. ನನ್ನ ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್ ಹಡಗು ಒಂದು ಜಿಗಿತಕ್ಕೆ 60 ಜ್ಯೋತಿರ್ವರ್ಷದಷ್ಟು ದಾಟುತ್ತಿತ್ತು. ನಾನೂರಕ್ಕೂ ಹೆಚ್ಚು ನಕ್ಷತ್ರಗಳ ಪಕ್ಕದಲ್ಲಿ ಇಂಧನ ತುಂಬಿಸಿಕೊಂಡು ಗುರಿ ಮುಟ್ಟಿದ ಮೇಲೆ ನೋಡಿದರೆ, ಅವುಗಳಲ್ಲಿ ಒಂದರ ಹೆಸರೂ ನೆನಪಿರಲಿಲ್ಲ. ಇನ್ನು ಮುಂದೆ ದೂರ ಹೋಗುವುದಕ್ಕಿಂತ ಒಂದು ಜಾಗವನ್ನು ಚೆನ್ನಾಗಿ ಎಣಿಸಬೇಕು ಎಂದು ನಿರ್ಧರಿಸಿದ್ದು ಆಗಲೇ.

2014ರ ಡಿಸೆಂಬರ್‌ನಲ್ಲಿ ಬಂದ ಈ ಆಟದಲ್ಲಿ ನಮ್ಮ ಆಕಾಶಗಂಗೆ ನಿಜವಾದ ಅಳತೆಯಲ್ಲೇ ಇದೆ. ಸುಮಾರು 40,000 ಕೋಟಿ ನಕ್ಷತ್ರವ್ಯೂಹಗಳು. ಅವುಗಳಲ್ಲಿ ಒಂದೂವರೆ ಲಕ್ಷದಷ್ಟು ಖಗೋಳ ವಿಜ್ಞಾನಿಗಳ ಪಟ್ಟಿಗಳಿಂದ ಬಂದವು. ಉಳಿದವನ್ನು ‘ಸ್ಟೆಲ್ಲರ್ ಫೋರ್ಜ್’ ಎಂಬ ತಂತ್ರಾಂಶ ಆಯಾ ಪ್ರದೇಶದ ದ್ರವ್ಯರಾಶಿಯನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಇದು ಬರಿಯ ಅಲಂಕಾರ ಎಂದುಕೊಳ್ಳುವವರಿಗೆ ನಾನು 2017ರ ಪ್ರಸಂಗವನ್ನು ಹೇಳುತ್ತೇನೆ. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ಎಂಬ ನಕ್ಷತ್ರದ ಸುತ್ತ ಏಳು ಗ್ರಹಗಳಿವೆ ಎಂದು ಆ ಫೆಬ್ರವರಿಯಲ್ಲಿ ಪ್ರಕಟವಾಯಿತು. ಆಟದ ನಕ್ಷೆಯಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಏಳು ಗ್ರಹಗಳನ್ನು ಕಟ್ಟಿಕೊಂಡ ಒಂದು ಕಂದು ಕುಬ್ಜ (ಪೂರ್ಣ ನಕ್ಷತ್ರವಾಗುವಷ್ಟು ದ್ರವ್ಯರಾಶಿ ಇಲ್ಲದ ಕಾಯ) ಅದಾಗಲೇ ಇತ್ತು! ಆಮೇಲೆ ಅದರ ಹೆಸರನ್ನೂ ವಿವರಗಳನ್ನೂ ತಿದ್ದಿದರು. ಲೆಕ್ಕದಿಂದ ಹುಟ್ಟಿದ್ದನ್ನು ಲೆಕ್ಕದಿಂದಲೇ ಓದಬಹುದು ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಮೊದಲು ಕಲಿತದ್ದು ಹೆಸರು ಓದುವುದನ್ನು. ಸೂರ್ಯನಿಂದ 22,000 ಜ್ಯೋತಿರ್ವರ್ಷ ಆಚೆ ಆಟಗಾರರು ನೆಲೆಗೊಂಡ ಕೊಲೋನಿಯಾದ ಹಳೆಯ ಹೆಸರು ‘ಇಯೋಲ್ ಪ್ರೌ ಆರ್‌ಎಸ್-ಟಿ ಡಿ3-94’. ‘ಇಯೋಲ್ ಪ್ರೌ’ ಎಂಬುದು 1,280 ಜ್ಯೋತಿರ್ವರ್ಷ ಅಗಲದ ಒಂದು ಘನಾಕೃತಿಯ ವಲಯ. ಆ ವಲಯವನ್ನು ಸಣ್ಣ ಪೆಟ್ಟಿಗೆಗಳಾಗಿ ಸೀಳಿದಾಗ ಇದು ಯಾವ ಪೆಟ್ಟಿಗೆಯಲ್ಲಿದೆ ಎನ್ನುವುದನ್ನು ‘ಆರ್‌ಎಸ್-ಟಿ’ ಮತ್ತು ‘3’ ಹೇಳುತ್ತವೆ. ‘ಡಿ’ ಅಕ್ಷರ ದ್ರವ್ಯರಾಶಿಯ ಗುರುತು. ‘ಎ’ಯಿಂದ ‘ಎಚ್’ವರೆಗೆ ಎಂಟು ಅಂತಸ್ತುಗಳು, ‘ಎ’ ಪೆಟ್ಟಿಗೆಯ ಬದಿ 10 ಜ್ಯೋತಿರ್ವರ್ಷ, ಮುಂದಿನ ಪ್ರತಿಯೊಂದೂ ಅದರ ಹಿಂದಿನದಕ್ಕೆ ಎರಡು ಪಟ್ಟು. ‘ಎ’ಯಲ್ಲಿ ಕೆಂಪು ಕುಬ್ಜಗಳು ಮತ್ತು ಕಂದು ಕುಬ್ಜಗಳೇ ತುಂಬಿರುತ್ತವೆ, ‘ಎಚ್’ನಲ್ಲಿ ಕಪ್ಪುಕುಳಿಯಂಥ ಘಟಾನುಘಟಿಗಳು. ಕೊನೆಯ 94 ಕ್ರಮಸಂಖ್ಯೆ. ಅಂದರೆ ಅದೇ ಪೆಟ್ಟಿಗೆಯಲ್ಲಿ 0, 1, 2 ಎಂದು ಅಣ್ಣತಮ್ಮಂದಿರು ಇದ್ದಾರೆ. ನಕ್ಷೆಯ ಹುಡುಕುಪಟ್ಟಿಯಲ್ಲಿ ಒಂದೊಂದೇ ಸಂಖ್ಯೆ ಹಾಕಿ ಎಲ್ಲಿಗೆ ನಿಲ್ಲುತ್ತದೆ ಎಂದು ನೋಡಿದರೆ ಆ ಪೆಟ್ಟಿಗೆಯ ಜನಗಣತಿ ಕೈಗೆ ಬರುತ್ತದೆ. ಇದು ತಿಳಿದ ಮೇಲೆ ನಕ್ಷೆ ನನಗೆ ಚುಕ್ಕೆಗಳ ರಾಶಿಯಾಗಿ ಕಾಣಿಸಲೇ ಇಲ್ಲ.

ಆಮೇಲೆ ಕೈಹಾಕಿದ್ದು ಗೆಲಾಕ್ಸಿಯ ತಟ್ಟೆಯ ದಪ್ಪಕ್ಕೆ. ಒಂದು ಸುರುಳಿ ತೋಳಿನಲ್ಲಿ ಜಾಗ ಹಿಡಿದು, ಅಲ್ಲಿಂದ ನೇರ ಮೇಲಕ್ಕೆ ಕಂಬದಂತೆ ಏರುತ್ತ, ಪ್ರತಿ 50 ಜ್ಯೋತಿರ್ವರ್ಷಕ್ಕೊಮ್ಮೆ ನಿಂತು ಸುತ್ತಲಿನ ನಕ್ಷತ್ರಗಳನ್ನು ಎಣಿಸುವುದು ಯೋಜನೆ. ಎಣಿಕೆಗೆ ವಿಶೇಷ ಉಪಕರಣ ಬೇಕಿಲ್ಲ. ಹಡಗಿನ ಎಡಬದಿಯ ನ್ಯಾವಿಗೇಷನ್ ಫಲಕ ಹತ್ತಿರದ ನಕ್ಷತ್ರವ್ಯೂಹಗಳನ್ನು ತೋರಿಸುತ್ತದೆ. ಆದರೆ ಅದಕ್ಕೆ ಎರಡು ಕಟ್ಟುಪಾಡು: 50 ಹೆಸರು ತುಂಬಿದರೆ ಪಟ್ಟಿ ಮುಗಿಯಿತು, 20 ಜ್ಯೋತಿರ್ವರ್ಷದ ಆಚೆಗಿನದು ಕಾಣಿಸುವುದೇ ಇಲ್ಲ. ಪಟ್ಟಿ 50ಕ್ಕೆ ಮುಗಿದರೆ ಕೊನೆಯ ನಕ್ಷತ್ರದ ದೂರವನ್ನೇ ತ್ರಿಜ್ಯವಾಗಿ ಹಿಡಿದು ಗೋಳದ ಗಾತ್ರ ಕಂಡುಹಿಡಿಯುತ್ತೇನೆ; 50ಕ್ಕಿಂತ ಕಡಿಮೆ ಇದ್ದರೆ ತ್ರಿಜ್ಯ 20. ಎಣಿಕೆಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ.

ನನ್ನ ಮೊದಲ ಕಂಬದ ಬುಡದಲ್ಲಿ ಐವತ್ತನೆಯ ನಕ್ಷತ್ರ 11 ಜ್ಯೋತಿರ್ವರ್ಷದಲ್ಲೇ ಸಿಕ್ಕಿತು. ಘನ ಜ್ಯೋತಿರ್ವರ್ಷಕ್ಕೆ 0.009. 500 ಎತ್ತರದಲ್ಲಿ ಅದೇ ಐವತ್ತಕ್ಕೆ 15 ಜ್ಯೋತಿರ್ವರ್ಷ ಬೇಕಾಯಿತು, ಸಾಂದ್ರತೆ 0.0035. 1,000ದಲ್ಲಿ ಫಲಕವನ್ನು ಪೂರ್ತಿ ಕೆಳಗೆ ಸರಿಸಿದರೂ ಸಿಕ್ಕದ್ದು 31 ಹೆಸರು ಮಾತ್ರ: 0.0009. ನೋಟ್‌ಬುಕ್ಕಿನ ಆ ಮೂರು ಸಾಲುಗಳನ್ನು ನಾನು ಎಷ್ಟು ಸಲ ತಿರುಗಿ ಓದಿದೆನೋ. ಏರಿದಂತೆ ನಕ್ಷತ್ರಗಳ ಬಣ್ಣವೂ ಬದಲಾಗುತ್ತಿತ್ತು. ಬುಡದಲ್ಲಿದ್ದ ನೀಲಿ, ಬಿಳಿ ನಕ್ಷತ್ರಗಳು ಕಡಿಮೆಯಾಗಿ ಕಿತ್ತಳೆ, ಕೆಂಪು ಉಳಿದವು. ನಿಜವಾದ ಆಕಾಶಗಂಗೆಯಲ್ಲೂ ಹೀಗೆಯೇ: ಹೊಸ ನಕ್ಷತ್ರ ಹುಟ್ಟುವ ಅನಿಲ ತಟ್ಟೆಯ ತೆಳುವಾದ ನಡುಪದರದಲ್ಲಿದೆ, ಭಾರೀ ನೀಲಿ ನಕ್ಷತ್ರಗಳು ಅಲ್ಲಿಂದ ದೂರ ಸರಿಯುವ ಮೊದಲೇ ಆಯುಸ್ಸು ಮುಗಿಸುತ್ತವೆ.

ಎತ್ತರದಲ್ಲಿ ಇಂಧನದ ವಿಚಾರದಲ್ಲಿ ಎಚ್ಚರ ಬೇಕು. ನಕ್ಷತ್ರಗಳನ್ನು ಬಿಸಿಗೆ ತಕ್ಕಂತೆ ಅಕ್ಷರಗಳಿಂದ ವಿಂಗಡಿಸುತ್ತಾರೆ; ಒ, ಬಿ, ಎ, ಎಫ್, ಜಿ, ಕೆ, ಎಂ ವರ್ಗಗಳ ನಕ್ಷತ್ರಗಳಿಂದ ಮಾತ್ರ ಇಂಧನ ಹೀರಿಕೊಳ್ಳಬಹುದು. ಕಂದು ಕುಬ್ಜದಿಂದ ಆಗದು. ಎರಡನೆಯ ಕಂಬದಲ್ಲಿ ಒಮ್ಮೆ ಸಾಲಾಗಿ ಕಂದು ಕುಬ್ಜಗಳೇ ಸಿಕ್ಕಿ ಟ್ಯಾಂಕ್ ತಳ ಕಂಡಿತು. ಆಗ ನೆರವಾದದ್ದು ಮಿತವ್ಯಯದ ಮಾರ್ಗ. ಜಿಗಿತ ಉದ್ದವಾದಂತೆ ಇಂಧನದ ಖರ್ಚು ಅದಕ್ಕಿಂತ ವೇಗವಾಗಿ ಏರುತ್ತದೆ, ಹಾಗಾಗಿ ಒಂದು ದೊಡ್ಡ ಜಿಗಿತಕ್ಕಿಂತ ಎರಡು ಅರ್ಧ ಜಿಗಿತ ಅಗ್ಗ. ಹಾಗೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ಒಂದು ಎಂ ವರ್ಗದ ನಕ್ಷತ್ರವನ್ನು ತಲುಪಿದೆ.

ದೊಡ್ಡ ಪೆಟ್ಟು ಬಿದ್ದದ್ದು ಮರಳುವಾಗ. ದಾರಿಯಲ್ಲಿ ಕಂಡ ಗ್ರಹಗಳಿಗೆ ಪ್ರೋಬ್ ಎಂಬ ಪುಟ್ಟ ಶೋಧಕಗಳನ್ನು ಹಾರಿಸಿ ಮೇಲ್ಮೈ ನಕ್ಷೆ ಮಾಡುವುದು ನನಗೆ ಬಹಳ ಇಷ್ಟದ ಕೆಲಸ. ಪ್ರೋಬನ್ನು ಗ್ರಹದ ಅಂಚಿನ ಹೊರಗೆ ಗುರಿಯಿಟ್ಟು ಬಿಟ್ಟರೆ ಗುರುತ್ವ ಅದನ್ನು ಬಾಗಿಸಿ ಬೆನ್ನಿನ ಕಡೆಗೆ ಬೀಳಿಸುತ್ತದೆ. ಹಾಗೆ ನಕ್ಷೆ ಮಾಡಿದ ಒಂದು ಗ್ರಹಕ್ಕೆ ಇಳಿಯಲು ಹೋದೆ. ಅದರ ಗುರುತ್ವ ಭೂಮಿಯ ನಾಲ್ಕು ಪಟ್ಟಿಗೂ ಹೆಚ್ಚು ಎಂದು ವಿವರದಲ್ಲಿ ಬರೆದಿದ್ದರೂ ಗಮನಿಸಿರಲಿಲ್ಲ. ಹಡಗು ನೆಲಕ್ಕಪ್ಪಳಿಸಿತು. ಶೋಧದ ಮಾಹಿತಿಯನ್ನು ನಿಲ್ದಾಣಕ್ಕೆ ಮಾರುವ ತನಕ ‘ಮೊದಲು ಕಂಡವರು’ ಎಂಬ ಗೌರವ ನಮ್ಮದಾಗುವುದಿಲ್ಲ. ಹಡಗು ಒಡೆದರೆ ಮಾಹಿತಿಯೂ ಹೋಯಿತು. ಆರು ವಾರಗಳ ಶೋಧ ಒಂದೇ ಕ್ಷಣದಲ್ಲಿ ಇಲ್ಲವಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಎರಡು ಪಟ್ಟು ಗುರುತ್ವ ದಾಟಿದ ಗ್ರಹಕ್ಕೆ ನಾನು ಇಳಿಯುವುದೇ ಇಲ್ಲ.

ಉಳಿದದ್ದು ನೋಟ್‌ಬುಕ್. ಎರಡು ಕಂಬಗಳ 42 ಸಾಲುಗಳು, ಎತ್ತರ, ಎಣಿಕೆ, ದೂರ, ಎಲ್ಲವೂ ಕಾಗದದ ಮೇಲೆ ಭದ್ರವಾಗಿದ್ದವು. ಹೊಸ ಹಡಗಿನಲ್ಲಿ ಮೂರನೆಯ ಕಂಬವನ್ನು ಈ ಬಾರಿ ತೋಳಿನಿಂದ ಹೊರಗೆ, ಎರಡು ತೋಳುಗಳ ನಡುವಿನ ಜಾಗದಲ್ಲಿ ಶುರು ಮಾಡಿದ್ದೇನೆ. ನಿನ್ನೆ 350ರ ಎತ್ತರದಲ್ಲಿ ಹಡಗು ನಿಲ್ಲಿಸಿದೆ. ಐವತ್ತನೆಯ ನಕ್ಷತ್ರ 16.2 ಜ್ಯೋತಿರ್ವರ್ಷದಲ್ಲಿದೆ.