ಕನ್ನಡ ಪುಸ್ತಕ ಎದುರಿಟ್ಟುಕೊಂಡು ಕೋಹಾ ಕಲಿಸಿದ್ದು

ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಕೋಹಾ ತಂತ್ರಾಂಶವನ್ನು ಗ್ರಂಥಪಾಲಕರಿಗೆ ಕಲಿಸುವ ಉಚಿತ ಪಾಠಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ನಾನು ನೋಡಿದವುಗಳಲ್ಲಿ ಉದಾಹರಣೆಗೆ ಎತ್ತಿಕೊಂಡ ಪುಸ್ತಕ ಮಾತ್ರ ಸದಾ ಇಂಗ್ಲಿಷಿನದು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತುಸಂಖ್ಯೆ ಹಾಕಿದೊಡನೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಪುಸ್ತಕದ ವಿವರಗಳ ಸಿದ್ಧ ದಾಖಲೆ ಇಳಿಯುತ್ತದೆ, ಪಾಠ ಮುಗಿಯುತ್ತದೆ. ನಮ್ಮ ಊರುಗಳ ಗ್ರಂಥಪಾಲಕರ ಕೈಯಲ್ಲಿರುವುದು ಐಎಸ್‌ಬಿಎನ್ ಇಲ್ಲದ ಹಳೆಯ ಕಾದಂಬರಿ. ಅದರ ದಾಖಲೆ ಅಲ್ಲಿ ಸಿಕ್ಕರೂ ಹೆಚ್ಚಾಗಿ ರೋಮನ್ ಲಿಪಿಯಲ್ಲಿರುತ್ತದೆ. ಹಾಗಾಗಿ ನನ್ನ ಪಾಠಗಳಲ್ಲಿ ಪರದೆಗೆ ಬರುವ ಪುಸ್ತಕವೆಲ್ಲ ಕನ್ನಡದ್ದೇ ಎಂದು ನಿಶ್ಚಯಿಸಿಕೊಂಡೆ.

ಸಲಕರಣೆ ಸರಳ. ಆನ್‌ಲೈನ್ ಪಾಠಕ್ಕೆ ಮೂಡಲ್, ಪರದೆಯ ಚಿತ್ರೀಕರಣಕ್ಕೆ ಒಬಿಎಸ್, ಎರಡೂ ಉಚಿತ ತಂತ್ರಾಂಶಗಳು. ಸರ್ವರಿನ ಬಾಡಿಗೆಯೊಂದೇ ಖರ್ಚು. ಧ್ವನಿಯ ಗುಣಮಟ್ಟಕ್ಕೆ ದುಬಾರಿ ಮೈಕಿಗಿಂತ ಕೋಣೆಯ ಫ್ಯಾನ್ ಆರಿಸುವುದೇ ಲೇಸು.

ಹೆಚ್ಚು ಶ್ರಮ ಬೇಡಿದ್ದು ಲೇಖಕರ ಹೆಸರಿನ ಪಾಠ. ‘ಕುವೆಂಪು’, ‘ಕೆ.ವಿ. ಪುಟ್ಟಪ್ಪ’, ‘ಪುಟ್ಟಪ್ಪ, ಕೆ.ವಿ.’ ಎಂದು ಬೇರೆ ಬೇರೆ ನಮೂದಿಸಿದರೆ ಒಬ್ಬರ ಕೃತಿಗಳು ಮೂರು ಕಡೆ ಚದುರುತ್ತವೆ. ಇದಕ್ಕೆ ಗ್ರಂಥಾಲಯಗಳು ದಾಖಲೆ ಬರೆಯಲು ಬಳಸುವ ಮಾರ್ಕ್ ಪದ್ಧತಿಯಲ್ಲಿ ಹೆಸರಿಗೇ ಪ್ರತ್ಯೇಕ ದಾಖಲೆಯಿದೆ: 100 ಸಂಖ್ಯೆಯ ಅಂಕಣದಲ್ಲಿ ಒಪ್ಪಿತ ರೂಪ, 400ರಲ್ಲಿ ಉಳಿದ ರೂಪಗಳು. ಉಳಿದ ರೂಪಗಳಿಂದಲೂ ಪುಸ್ತಕ ಸಿಗಬೇಕಾದರೆ ಕೋಹಾದ ಸೆಟ್ಟಿಂಗ್‌ನಲ್ಲಿ ಅದಕ್ಕಿರುವ ಆಯ್ಕೆಯನ್ನು ಆನ್ ಮಾಡಿ, ಹುಡುಕಾಟದ ಸೂಚಿಯನ್ನು ಮರುನಿರ್ಮಿಸಬೇಕು. ನಿಯಮವನ್ನು ಮೊದಲು ಹೇಳಿದರೆ ಕೇಳುವವರು ಆಕಳಿಸುತ್ತಾರೆ. ಚದುರಿದ ಫಲಿತಾಂಶವನ್ನು ತೋರಿಸಿ, ಆಮೇಲೆ ಸರಿಪಡಿಸಿ ತೋರಿಸುವ ಕ್ರಮವೇ ನನಗೆ ಒಗ್ಗಿತು.

ಇನ್ನೊಂದು ತೊಡಕು ಅಕ್ಷರಗಳದ್ದು. ಅನೇಕ ಕಾಲೇಜುಗಳಲ್ಲಿ ಪುಸ್ತಕಪಟ್ಟಿ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿ, ಎಕ್ಸೆಲ್ ಕಡತವಾಗಿ ಕುಳಿತಿದೆ. ಅದನ್ನು ಹಾಗೆಯೇ ಕೋಹಾಕ್ಕೆ ಸುರಿದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ನಂತರ ಕಣ್ಣಿಟ್ಟು ತಿದ್ದಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದು ಅಡಗಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟರೆ ಹುಡುಕಾಟ ಕೈಕೊಡಬಹುದು. ಇಂಗ್ಲಿಷ್ ಪುಸ್ತಕ ಹಿಡಿದು ಕಲಿಸುವವರಿಗೆ ಈ ಗೋಳು ಕನಸಿನಲ್ಲೂ ಬಾರದು.

ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆಯ ಮೇಲೆ ನನಗೆ ನಂಬಿಕೆಯಿಲ್ಲ. ಅದರ ಬದಲು ಅಭ್ಯಾಸಕ್ಕೆಂದೇ ಒಂದು ಕೋಹಾ ಸ್ಥಾಪಿಸಿ, ಪ್ರತಿಯೊಬ್ಬರೂ ತಮ್ಮದೇ ಕಪಾಟಿನ ಪುಸ್ತಕಗಳನ್ನು ಅದರಲ್ಲಿ ದಾಖಲಿಸಬೇಕು ಎಂದೆ. ಒಬ್ಬರ ದಾಖಲೆಯನ್ನು ಇನ್ನೊಬ್ಬರು ಪರಿಶೀಲಿಸಲು ಮೂಡಲ್‌ನ ವರ್ಕ್‌ಶಾಪ್ ಸೌಲಭ್ಯ ಸಾಕು. ಜನಪ್ರಿಯ ಪುಸ್ತಕಕ್ಕೆ ಹಲವರು ಹಲವು ದಾಖಲೆ ಸೃಷ್ಟಿಸಿಬಿಡುತ್ತಾರೆ. ಅದನ್ನು ಕಂಡ ಮೇಲೆ, ಹೊಸದನ್ನು ಸೇರಿಸುವ ಮೊದಲು ಇದೆಯೇ ಎಂದು ಹುಡುಕಿ ಅಂತ ನಾನು ಬೇರೆ ಹೇಳಬೇಕಾಗಲಿಲ್ಲ. ಪ್ರಮಾಣಪತ್ರ ಕೊಡಲು ನನಗೆ ಮನಸ್ಸಿರಲಿಲ್ಲ, ಆದರೆ ಅದಿಲ್ಲದೆ ಕೆಲವರಿಗೆ ಮೇಲಧಿಕಾರಿಗಳು ಕಲಿಯಲು ಸಮಯವನ್ನೇ ಕೊಡುವುದಿಲ್ಲ. ಕೊಟ್ಟೆ.

ಕೋಹಾದ ಹೊಸ ಆವೃತ್ತಿ ವರ್ಷಕ್ಕೆರಡು ಬಾರಿ, ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ಪರದೆಯ ಚಹರೆ ಆಗಾಗ ಬದಲಾಗುತ್ತದೆ. ಹಾಗಾಗಿ ಮಾರ್ಕ್ ನಿಯಮಗಳ ಪಾಠವನ್ನೂ ಗುಂಡಿಗಳ ಪಾಠವನ್ನೂ ಬೆರೆಸಲಿಲ್ಲ. ಎರಡನೆಯವು ತೀರಾ ಚಿಕ್ಕವು. ಹಳತಾದುದನ್ನಷ್ಟೇ ತೆಗೆದು ಹೊಸದಾಗಿ ಚಿತ್ರೀಕರಿಸುತ್ತೇನೆ. ಎಲ್ಲವೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವುದರಿಂದ ಆ ಕೆಲಸವನ್ನು ಬೇರೆಯವರೂ ಮಾಡಬಹುದು.