ಕರಿಘಟ್ಟದ ಮೇಲಿಂದ ಕರಿಗಲ್ಲಿನ ಸಾಲು ಹುಡುಕಿದ್ದು

ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ ಚೆಂದ ಕಾಣುವುದಿಲ್ಲ. ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಎಷ್ಟೋ ಕಡೆ ಬೆಂಕಿ ಬಿದ್ದು ನೆಲವೆಲ್ಲ ಕರಕಲಾಗಿರುತ್ತದೆ, ಹತ್ತು ಗಂಟೆಗೆಲ್ಲ ಬಂಡೆ ಕಾದು ಕೈ ಊರಲಾಗುವುದಿಲ್ಲ. ಆದರೂ ನಾನು ಬೆಟ್ಟ ಹತ್ತಲು ಕಾಯುವುದು ಆ ತಿಂಗಳಿಗೇ. ಹುಲ್ಲು ಹೋದ ಮೇಲೆ ಕಲ್ಲು ಕಾಣುತ್ತದೆ. ಯಾವ ಕಲ್ಲು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಾಣುತ್ತದೆ. ನನಗೆ ಬೇಕಾದದ್ದು ಅದೇ.

ಪಾಂಡವಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹುಟ್ಟಿದ್ದು, ಬೆಳೆದದ್ದು ಲೋಕಪಾವನಿ ಹೊಳೆಯ ಪಕ್ಕದ ಊರಲ್ಲಿ. ನಾಲ್ಕು ವರ್ಷದ ಹಿಂದೆ ಜ್ವಾಲಾಮುಖಿಯ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನಮ್ ಕರಿಘಟ್ಟ ಜ್ವಾಲಾಮುಖಿನಾ? ನಮ್ಮಜ್ಜಿ ಅದು ಸುಟ್ಟ ಬೆಟ್ಟ ಅಂತಾರೆ" ಅಂದಳು. ಅಲ್ಲಮ್ಮ, ಅಲ್ಲ ಅಂದೆ. "ಮತ್ತೆ ಅಲ್ಲಿ ಕರೀ ಕಲ್ಲು ಎಲ್ಲಿಂದ ಬಂತು?" ಅಂದಳು. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಭಾನುವಾರವೇ ನೀರಿನ ಬಾಟಲಿ ಹಿಡಿದು ಹೊರಟೆ. ಅಲ್ಲಿಂದ ಇಲ್ಲಿಯವರೆಗೆ ಕಾವೇರಿ ಕಣಿವೆಯ ಮೇಲೆ ನಿಂತಿರುವ ಬೆಟ್ಟಗಳನ್ನು ಸುತ್ತುತ್ತಲೇ ಇದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಬಾಯಿ ತೆರೆದ ಜ್ವಾಲಾಮುಖಿ ಬೆಟ್ಟ ಒಂದೂ ಇಲ್ಲ. ನೆಲದ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾ ನೋಡಬೇಕಾದರೆ ಉತ್ತರ ಕರ್ನಾಟಕದ ಕಪ್ಪುಮಣ್ಣಿನ ಸೀಮೆಗೆ ಹೋಗಬೇಕು, ಅಲ್ಲಿಯ ಬಸಾಲ್ಟ್ ಸುಮಾರು 6.6 ಕೋಟಿ ವರ್ಷ ಹಳೆಯದು. ಇಲ್ಲವೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ, ಇಲ್ಲವೆ ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ದಿಂಬುಗಲ್ಲುಗಳಿಗೆ. ಮರಡಿಹಳ್ಳಿಯ ಲಾವಾ ನೀರಿನೊಳಗೆ ಉಕ್ಕಿ, ಒಂದರ ಮೇಲೊಂದು ದಿಂಬು ಪೇರಿಸಿಟ್ಟ ಹಾಗೆ ಗಟ್ಟಿಯಾಗಿದೆ. ನಮ್ಮ ಕಡೆ ಆದದ್ದೇ ಬೇರೆ. ಇಲ್ಲಿ ಶಿಲಾರಸ ಮೇಲೆ ಬರುವ ದಾರಿಯಲ್ಲೇ ನಿಂತುಹೋಯಿತು. ಚಾಮುಂಡಿ ಬೆಟ್ಟ ಹಾಗೆ ನೆಲದಾಳದಲ್ಲೇ ತಣಿದ ಗ್ರಾನೈಟ್, ಸುಮಾರು 80 ಕೋಟಿ ವರ್ಷದ್ದು. ಸುತ್ತಲ ನೈಸ್ (gneiss) ಅನ್ನುವ ಪಟ್ಟೆ ಪಟ್ಟೆಯ ಹಳೆಯ ಕಲ್ಲಿಗೆ ಹೋಲಿಸಿದರೆ ಅದು ನಿನ್ನೆ ಮೊನ್ನೆಯ ಕೂಸು. ಅದಲ್ಲದೆ ಶ್ರೀರಂಗಪಟ್ಟಣದ ಸುತ್ತ, ಮೈಸೂರಿನ ಸುತ್ತ, ಹಳೆಯ ಬಂಡೆಯ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ಗೋಡೆಯ ಹಾಗೆ ಗಟ್ಟಿಯಾದ ಸಾಲುಗಳಿವೆ. ಭೂವಿಜ್ಞಾನದವರು ಅದನ್ನು ಡೈಕ್ ಅನ್ನುತ್ತಾರೆ. ನಮ್ಮ ಸೀಮೆಯಲ್ಲಿ ಕಲ್ಲು ಒಡೆಯುವವರ ಬಾಯಲ್ಲಿ ಅದು ಕರಿಗಲ್ಲು. ಚಾಮರಾಜನಗರದ ಕಡೆಯಿಂದ ಪಾಲಿಶ್ ಆಗಿ ಹೊರದೇಶಕ್ಕೆ ಹೋಗುವ ಕಪ್ಪು ಗ್ರಾನೈಟ್ ಕೂಡ ಬಹುಮಟ್ಟಿಗೆ ಇದೇ ಜಾತಿಯ ಕಲ್ಲು.

ಇಷ್ಟನ್ನು ಓದಿಕೊಂಡು ಹೋದರೂ ಮೊದಲ ಸಲ ಮೋಸ ಹೋದೆ. ಪಾಂಡವಪುರದ ಪಕ್ಕದ ಕುಂತಿಬೆಟ್ಟದ ಬೋಳು ಬಂಡೆಯ ಮೇಲೆ, ಮೇಲಿಂದ ಕೆಳಗಿನವರೆಗೆ ಎಳೆದ ಹಾಗೆ ಕಪ್ಪು ಪಟ್ಟೆ ಕಂಡಿತು. ಸಿಕ್ಕಿತು ಅಂದುಕೊಂಡು ಹತ್ತಿರ ಹತ್ತಿದೆ. ಹಿಂದಿನ ಸಂಜೆ ಹನಿ ಬಿದ್ದಿತ್ತು. ಪಟ್ಟೆಯ ಮೇಲೆ ಕಾಲಿಟ್ಟ ಕೂಡಲೇ ಜಾರಿತು, ಹತ್ತು ಹನ್ನೆರಡು ಅಡಿ ಕೆಳಗೆ ಒಂದು ಕಳ್ಳಿಗಿಡದ ಬುಡಕ್ಕೆ ಹೋಗಿ ನಿಂತೆ. ಮೊಣಕೈ ಸುಲಿದುಹೋಯಿತು. ಕೂತಲ್ಲೇ ಉಗುರಿನಿಂದ ಕೆರೆದು ನೋಡಿದರೆ ಕಪ್ಪು ಬಣ್ಣ ಪುಡಿಯಾಗಿ ಉಗುರಿಗೆ ಬಂತು, ಒಳಗೆ ಬಿಳಿಗಲ್ಲು. ಮಳೆನೀರು ಹರಿಯುವ ದಾರಿಯಲ್ಲಿ ಕಟ್ಟಿದ ಪಾಚಿ ಅದು, ಒಣಗಿ ಕಪ್ಪಾದದ್ದು. ಅಂದಿನಿಂದ ಮಕ್ಕಳಿಗೆ ಮೊದಲು ಹೇಳಿಕೊಡುವುದೇ ಇದು: ಬಂಡೆಯ ಮೇಲಿನ ಕಪ್ಪನ್ನು ಕೆರೆದು ನೋಡಿ, ಒಳಗೂ ಕಪ್ಪಿದ್ದರೆ ಮಾತ್ರ ಮುಂದಿನ ಮಾತು. ಮಳೆ ಬಿದ್ದ ಮಾರನೇ ದಿನ ಆ ಪಟ್ಟೆಗಳ ಮೇಲೆ ಕಾಲಿಡಲೇಬೇಡಿ.

ಅಂದಹಾಗೆ, ಕುಂತಿಬೆಟ್ಟ ಹತ್ತುವವರು ಹೆಚ್ಚಾಗಿ ಸೂರ್ಯೋದಯ ನೋಡಿ ಇಳಿದುಬಿಡುತ್ತಾರೆ. ಇನ್ನೊಂದು ಗಂಟೆ ಇರಬೇಕು. ಕೆಳಗಿನ ಪಾಂಡವಪುರವನ್ನು ಹಿಂದೆ ಹಿರೋಡೆ ಅನ್ನುತ್ತಿದ್ದರು, ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ದಂಡು ಇಲ್ಲಿ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಅಂತಲೂ ಹೆಸರಾಯಿತು. ದಂಡಿನವರು ಈ ಜಾಗವನ್ನೇ ಯಾಕೆ ಆರಿಸಿಕೊಂಡಿರಬಹುದು ಅನ್ನುವುದು ಬೆಟ್ಟದ ತುದಿಯಲ್ಲಿ ನಿಂತರೆ ತಾನಾಗಿ ಹೊಳೆಯುತ್ತದೆ. ಯಾವ ದಿಕ್ಕಿನಿಂದ ಧೂಳೆದ್ದರೂ ಇಲ್ಲಿಗೆ ಕಾಣುತ್ತದೆ.

ಕಲ್ಲಿನ ಕಾಳು ನೋಡುವುದನ್ನು ಕಲಿತದ್ದು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ. ಸಾವಿರ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿದಲ್ಲೆಲ್ಲ ಪಕ್ಕದ ಬಂಡೆಯನ್ನು ಹತ್ತಿರದಿಂದ ನೋಡುತ್ತಿದ್ದೆ. ಅದರಲ್ಲಿ ಹರಳುಗಳು ಬಿಡಿಬಿಡಿಯಾಗಿ ಕಣ್ಣಿಗೆ ಕಾಣುತ್ತವೆ, ಬಿಸಿಲಿಗೆ ಹೊಳೆಯುತ್ತವೆ. ನಿಧಾನವಾಗಿ ತಣಿದ ಕಲ್ಲಿನ ಗುರುತು ಅದು. ಮಂಡ್ಯದವರಿಗೆ ಇದನ್ನು ಅರ್ಥ ಮಾಡಿಸಲು ಲ್ಯಾಬು ಬೇಡ, ಆಲೆಮನೆ ಸಾಕು. ಹದಕ್ಕೆ ಬಂದ ಪಾಕವನ್ನು ಅಚ್ಚಿಗೆ ಸುರಿದಾಗ ಗಟ್ಟಿಯಾಗುವುದು ಮೊದಲು ಅಂಚು. ಅಂಚಿಗೆ ತಣ್ಣನೆಯ ಮರ ತಾಕಿರುತ್ತದೆ, ನಡುವಿಗೆ ಬಿಸಿ ಉಳಿದಿರುತ್ತದೆ. ಡೈಕಿನ ಕತೆಯೂ ಅದೇ. ತಣ್ಣನೆಯ ಹಳೆ ಬಂಡೆ ತಾಕಿದ ಅಂಚಿನಲ್ಲಿ ಶಿಲಾರಸ ಬೇಗ ತಣಿದು, ಹರಳು ಬೆಳೆಯಲು ಪುರುಸೊತ್ತೇ ಸಿಗದೆ, ಕಲ್ಲು ನುಣ್ಣಗೆ, ಕಾಡಿಗೆಯ ಹಾಗಿರುತ್ತದೆ. ನಡುವೆ ಬಂದಷ್ಟೂ ಕಾಳು ದಪ್ಪ. ಇದನ್ನು ಒಂದು ಸಲ ಕೈಯಾರೆ ತಡವಿ ನೋಡಿದರೆ ಮರೆಯುವುದಿಲ್ಲ.

ಇನ್ನು ಕರಿಘಟ್ಟ. ನಾನು ಆರೂವರೆಗೆಲ್ಲ ಬುಡದಲ್ಲಿರುತ್ತೇನೆ. ಚಿರತೆ ಓಡಾಡುವ ಕಾಡು, ಕತ್ತಲೆಯಲ್ಲಿ ಹತ್ತುವುದು ಬೇಡ, ಒಬ್ಬರೇ ಹೋಗುವುದೂ ಬೇಡ. ರಸ್ತೆ ಇದೆ, ಆದರೆ ಮೆಟ್ಟಿಲೇ ಒಳ್ಳೆಯದು, ಕಲ್ಲು ಕಾಲಿಗೆ ಸಿಗುತ್ತದೆ. ಮೇಲೆ ಶ್ರೀನಿವಾಸನ ಗುಡಿ. ಮೂರ್ತಿಯೂ ಕಪ್ಪು ಕಲ್ಲಿನದೇ. ಕೈಮುಗಿದು, ಗುಡಿಯ ಮುಂದಿನ ಜಗುಲಿಗೆ ಬಂದರೆ ಕೆಳಗೆ ಕಣಿವೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬುಡದಲ್ಲೇ ಲೋಕಪಾವನಿ ಕಾವೇರಿಯನ್ನು ಸೇರುತ್ತದೆ. ಆಚೆ ದಡದಲ್ಲಿ ಶ್ರೀರಂಗಪಟ್ಟಣದ ದ್ವೀಪ, ರಂಗನಾಥನ ಗೋಪುರ, ಗಂಜಾಂ ಕಡೆ ಗುಂಬಜಿನ ಬಿಳಿ ಗೋಳ. ದಕ್ಷಿಣಕ್ಕೆ ಚಾಮುಂಡಿ, ಉತ್ತರಕ್ಕೆ ಕುಂತಿಬೆಟ್ಟದ ಕೋಡುಗಳು. ಗದ್ದೆಗೆ ನೀರು ಬಿಟ್ಟ ದಿನ ಬಿಸಿಲು ಬಿದ್ದರೆ ಕಣಿವೆ ತುಂಬ ಕನ್ನಡಿ ಹಾಸಿದ ಹಾಗಿರುತ್ತದೆ. ಕೆ.ಆರ್.ಎಸ್. 124.80 ಅಡಿ ಮುಟ್ಟಿದೆಯೋ ಇಲ್ಲವೋ ಅನ್ನುವುದನ್ನು ಪೇಪರ್ ನೋಡದೆ ಇಲ್ಲಿಂದಲೇ ಊಹಿಸಬಹುದು, ನಾಟಿ ಎಷ್ಟು ದೂರ ಹೋಗಿದೆ ನೋಡಿದರೆ ಸಾಕು.

ಈ ಗುಡ್ಡಸಾಲಿನ ಇನ್ನೊಂದು ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಕೆ.ಆರ್.ಎಸ್.ನಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಇದರ ಹೊಟ್ಟೆಯೊಳಗೆ ಹುಲಿಕೆರೆ ಸುರಂಗದಲ್ಲಿ ಹಾದುಹೋಗುತ್ತದೆ, ಎರಡೂವರೆ ಕಿಲೋಮೀಟರಿಗೂ ಉದ್ದ. ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬು, ಭತ್ತ ಬಹುಪಾಲು ಈ ಬಂಡೆ ಕೊರೆದು ತಂದ ನೀರಿನಿಂದ ಬಂದದ್ದು. ಅದನ್ನು ಕೊರೆದವರ ಕೈಗೆ ಈ ಕಲ್ಲು ಎಷ್ಟು ಗಟ್ಟಿ ಅನ್ನುವುದು ನನಗಿಂತ ಸಾವಿರ ಪಾಲು ಚೆನ್ನಾಗಿ ಗೊತ್ತಿತ್ತು. ಜಗುಲಿಯ ಮೇಲೆ ನಿಂತಾಗಲೆಲ್ಲ ಅವರ ನೆನಪಾಗುತ್ತದೆ.

ಸಾಲು ಹುಡುಕುವವರು ಏಳು, ಏಳೂವರೆಯ ಬಿಸಿಲನ್ನು ಬಿಡಬಾರದು. ಬಿಸಿಲು ಅಡ್ಡಕ್ಕೆ ಬೀಳುವ ಹೊತ್ತಲ್ಲಿ ಮೊಣಕಾಲೆತ್ತರದ ಏರಿಗೂ ನೆರಳು ಬೀಳುತ್ತದೆ. ಒಂದು ಮಾರ್ಚಿಯಲ್ಲಿ ನನಗೆ ಕಂಡದ್ದು ಹಾಗೆ: ಬೆಟ್ಟದ ಹಿಂಬದಿಯ ಹೊಲಗಳಲ್ಲಿ, ಬದುಗಳನ್ನು ಲೆಕ್ಕಿಸದೆ, ದಪ್ಪ ದಪ್ಪ ಗುಂಡುಕಲ್ಲುಗಳು ದಾರ ಹಿಡಿದು ಇಟ್ಟ ಹಾಗೆ ನೇರ ಸಾಲಾಗಿ ಹೋಗಿದ್ದವು. ಬದು ಆಗಿದ್ದರೆ ಹೊಲದ ಜೊತೆ ತಿರುಗಬೇಕಿತ್ತು. ಇದು ತಿರುಗಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದು, ಎರಡು ತೆಂಗಿನಮರ, ಒಂದು ಪಂಪ್‌ಸೆಟ್ ಮನೆ ಗುರುತಿಟ್ಟುಕೊಂಡು ಇಳಿದೆ.

ಕೆಳಗೆ ಬಂದ ಮೇಲೆ ಗುರುತು ಹಿಡಿಯುವುದೇ ಕಷ್ಟ. ಮೇಲಿಂದ ಗೆರೆಯಾಗಿ ಕಂಡದ್ದು ಕೆಳಗೆ ಬರೀ ಕಲ್ಲಿನ ರಾಶಿ. ಒಂದೊಂದು ಗುಂಡಿನ ಮೈಯೂ ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿದಿತ್ತು, ಹೊರಗೆ ತುಕ್ಕಿನ ಬಣ್ಣ. ಯಾರೋ ಒಡೆದು ಬಿಟ್ಟಿದ್ದ ಒಂದು ಚೂರನ್ನು ಎತ್ತಿಕೊಂಡೆ. ಕೈಗೆ ಭಾರ, ಒಡೆದ ಮುಖ ಹಸಿರು ಮಿಶ್ರಿತ ಕಪ್ಪು, ಕಾಳು ಸಣ್ಣ. ಜೇಬಲ್ಲಿ ಹಾಳಾದ ಸ್ಪೀಕರಿನಿಂದ ಕಿತ್ತ ಪುಟ್ಟ ಅಯಸ್ಕಾಂತ ಇತ್ತು, ಹೊಲಿಗೆ ದಾರ ಕಟ್ಟಿದ್ದು. ಈ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಸ್ವಲ್ಪ ಇರುತ್ತದೆ. ದಾರವನ್ನು ಇಳಿಬಿಟ್ಟು ಕಲ್ಲಿನ ಪಕ್ಕಕ್ಕೆ ತಂದರೆ ಅಯಸ್ಕಾಂತ ಮೆಲ್ಲಗೆ ಅದರ ಕಡೆ ವಾಲಿತು. ಮೂರು ಮಾರು ಆಚೆಯ ಬಿಳಿಗಲ್ಲಿನ ಹತ್ತಿರ ತಂದರೆ ಅಲುಗಲಿಲ್ಲ. ಅಯಸ್ಕಾಂತವೊಂದನ್ನೇ ನಂಬಬಾರದು ನಿಜ. ಆದರೆ ಕಾಳು, ಭಾರ, ಬಣ್ಣ, ಸಾಲಿನ ನೇರ ಎಲ್ಲ ಒಂದೇ ಮಾತು ಹೇಳುತ್ತಿದ್ದವು. ಮೈ ಜುಮ್ಮೆಂದಿತು.

"ಏನ್ ಮೇಷ್ಟ್ರೇ, ಕಲ್ಲಿಗೆ ಗಾಳ ಹಾಕ್ತಿದ್ದೀರಾ?" ಹಿಂದಿನಿಂದ ದನಿ ಬಂತು. ಕುರಿ ಬಿಟ್ಟುಕೊಂಡು ಬಂದಿದ್ದ ಯಜಮಾನರು, ಹೆಗಲ ಮೇಲೆ ಕಂಬಳಿ. ಮೊಮ್ಮಗ ನಮ್ಮ ಶಾಲೆಯವನೇ. ವಿಷಯ ಹೇಳಿದೆ. ಭೂಮಿ ಬಿರುಕು ಬಿಟ್ಟಾಗ ಒಳಗಿನಿಂದ ಕುದಿಯುವ ರಸ ಬಂದು ಕಟ್ಟಿಕೊಂಡ ಗೋಡೆ ಇದು, ದಕ್ಷಿಣ ಕರ್ನಾಟಕದಲ್ಲಿ ಇಂಥವು ಎಷ್ಟೋ 200 ಕೋಟಿ ವರ್ಷಕ್ಕಿಂತ ಹಳೆಯವು ಅಂದೆ. ಕೋಲಿನ ಮೇಲೆ ಗದ್ದ ಊರಿ ಪೂರ್ತಿ ಕೇಳಿದರು.

"ರಸ ಗಿಸ ನಂಗೊತ್ತಿಲ್ಲ. ಗೋಡೆ ಅಂದ್ರಲ್ಲ, ಅದು ನಿಜ. ಬನ್ನಿ ಇಲ್ಲಿ" ಅಂತ ಕರೆದುಕೊಂಡು ಹೋದರು.

ಸಾಲಿನ ಮೇಲುಗಡೆ ಒಂದು ಹಳೇ ಬಾವಿ, ಕಲ್ಲು ಕಟ್ಟಡದ್ದು. ಬಗ್ಗಿ ನೋಡಿದರೆ ಮಾರ್ಚಿಯಲ್ಲೂ ನೀರು ಹೊಳೆಯುತ್ತಿತ್ತು. ಸಾಲು ದಾಟಿ ಕೆಳಗಡೆ ಐವತ್ತು ಹೆಜ್ಜೆ ಹೋದರೆ ಇನ್ನೊಂದು ಬಾವಿ, ಒಳಗೆ ಲಂಟಾನ ಬೆಳೆದಿತ್ತು. "ನಮ್ಮಪ್ಪ ಹೇಳೋರು, ಕರ್ಗಲ್ಲಿಂದ ಮೇಲ್ಕಡೆ ತೋಡು, ಕೆಳಕ್ಕೋಗ್ಬೇಡ ಅಂತ. ನಮ್ ಚಿಕ್ಕಪ್ಪ ಕೇಳ್ನಿಲ್ಲ. ನೋಡಿ, ಅದೇ ಅವರ್ ಬಾವಿ."

ನಾನು ಪುಸ್ತಕದಲ್ಲಿ ಓದಿದ್ದೆ: ಡೈಕ್ ನೆಲದೊಳಗೆ ಅಡ್ಡಕಟ್ಟೆಯ ಹಾಗೆ ನಿಲ್ಲುತ್ತದೆ, ಇಳಿಜಾರಿನಲ್ಲಿ ಬರುವ ಅಂತರ್ಜಲವನ್ನು ತಡೆಯುತ್ತದೆ, ಮೇಲುಗಡೆ ನೀರು ನಿಲ್ಲುತ್ತದೆ ಅಂತ. ಯಜಮಾನರಿಗೆ ಅದು ಎರಡು ತಲೆಮಾರಿನಿಂದ ಗೊತ್ತಿತ್ತು. ಡೈರಿಯಲ್ಲಿ ಎರಡೂ ಬಾವಿಯ ನಕ್ಷೆ ಬರೆದುಕೊಂಡೆ, ಸಾಲಿನ ಅಗಲ ಹೆಜ್ಜೆ ಹಾಕಿ ಅಳೆದೆ: ಹದಿನಾಲ್ಕು ಹೆಜ್ಜೆ. ಅಂಚಿನ ಚೂರು, ನಡುವಿನ ಚೂರು ಒಂದೊಂದು ಎತ್ತಿಕೊಂಡೆ. ಅವು ಈಗ ನಮ್ಮ ಶಾಲೆಯ ಬೀರುವಿನಲ್ಲಿವೆ.

ಮಧ್ಯಾಹ್ನ ಹಿಂತಿರುಗುವಾಗ ಗುಂಬಜಿಗೆ ಹೋಗಿ ಹೊರಗಿನ ಕರಿಕಂಬಗಳನ್ನು ಮುಟ್ಟಿ ನೋಡಿದೆ. 1784ರ ಹೊತ್ತಿಗೆ ಟಿಪ್ಪು ಕಟ್ಟಿಸಿದ್ದು. ಅದೆಷ್ಟೋ ಸಲ ನೋಡಿದ ಕಂಬಗಳೇ, ಆದರೆ ಅವು ಯಾವ ಕಲ್ಲು ಅಂತ ಕೇಳಿಕೊಂಡು ನೋಡಿದ್ದು ಅಂದೇ ಮೊದಲು. ಅದು ಡೈಕಿನ ಕಲ್ಲಲ್ಲ, ಆಂಫಿಬೊಲೈಟ್ ಅನ್ನುವ ಬೇರೆ ಕಪ್ಪು ಕಲ್ಲು. ಕಪ್ಪೆಲ್ಲ ಒಂದೇ ಅಲ್ಲ ಅಂತ ಮತ್ತೆ ಕಲಿತೆ. ಮುಂದಿನ ಸಲ ತಲಕಾಡಿನ ಪಕ್ಕದ ಮುಡುಕುತೊರೆ ಬೆಟ್ಟ ಹತ್ತಬೇಕು, ಮಲ್ಲಿಕಾರ್ಜುನನ ಗುಡಿಯ ಕೆಳಗೇ ಕಾವೇರಿ ತಿರುಗುವುದನ್ನು ನೋಡಬೇಕು.

ಯಜಮಾನರು ಅಂದು ಹೊರಡುವಾಗ ಅಯಸ್ಕಾಂತವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದೊಂದ್ ಮಡಗೋಗಿ ಮೇಷ್ಟ್ರೇ. ಆ ಕಡೆ ತೋಟ್ದಲ್ಲಿ ಬೋರ್ ಹಾಕಿಸ್ಬೇಕು ಅಂತವ್ನೆ ನನ್ ಮಗ. ಸಾಲು ಅಲ್ಲೀಗಂಟ ಬಂದದಾ ನೋಡ್ತೀನಿ" ಅಂದರು. ದಾರದ ಸಮೇತ ಕೊಟ್ಟುಬಂದೆ.