ಪಾಠ ಬರುತ್ತಿತ್ತು, ಶಾಲೆ ನಡೆಸುವುದನ್ನು ಕಲಿಯಬೇಕಿತ್ತು

2017ರ ಮೇ 31. ನಮ್ಮ ಮುಖ್ಯೋಪಾಧ್ಯಾಯರು ನಿವೃತ್ತರಾದ ದಿನ. ಶಾಲು, ಹಾರ, ಫೋಟೊ ಎಲ್ಲ ಮುಗಿದ ಮೇಲೆ ಸರ್ ನನ್ನನ್ನು ಆಫೀಸಿಗೆ ಕರೆದರು. ತಿಜೋರಿಯ ಕೀಲಿಗೊಂಚಲನ್ನು ಟೇಬಲ್ ಮೇಲಿಟ್ಟು, "ಇನ್ಮ್ಯಾಲೆ ಎಲ್ಲಾ ನೀವೇ ನೋಡ್ಕೋಬೇಕ್ರಿ ಮೇಡಂ" ಅಂದರು. ಅಷ್ಟೇ ನನಗೆ ಸಿಕ್ಕ ತರಬೇತಿ.

ನಮ್ಮದು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಒಂದು ಅನುದಾನಿತ ಪ್ರೌಢಶಾಲೆ. ನಾನು ಅಲ್ಲಿ ಹದಿನಾರು ವರ್ಷ ಗಣಿತ ಕಲಿಸಿದ್ದೆ. ಸೀನಿಯಾರಿಟಿಯಲ್ಲಿ ನಾನೇ ಮೊದಲು, ಹಾಗಾಗಿ ಪ್ರಭಾರ ನನಗೇ ಬಂತು. ಗಣಿತ ಚೆನ್ನಾಗಿ ಹೇಳುತ್ತೇನೆ ಅನ್ನೋ ಹೆಸರಿತ್ತು. ಆದರೆ ನಗದು ಪುಸ್ತಕ ಬರೆಯುವುದು ಹೇಗೆ, ಜಗಳವಾಡುವ ಇಬ್ಬರು ಶಿಕ್ಷಕರನ್ನು ಕೂರಿಸಿ ಮಾತಾಡುವುದು ಹೇಗೆ, ಎಲ್ಲರಿಗೂ ಒಪ್ಪಿಗೆಯಾಗುವ ಟೈಮ್ ಟೇಬಲ್ ಹಾಕುವುದು ಹೇಗೆ, ಇದನ್ನೆಲ್ಲ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಜೂನ್ ತಿಂಗಳು ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಯಾರಾದರೂ ಶಿಕ್ಷಕರು ರಜೆ ಹಾಕಿದರೆ ನಾನೇ ಆ ಪೀರಿಯಡ್‌ಗೆ ಓಡುತ್ತಿದ್ದೆ. ಆಫೀಸಿನಲ್ಲಿ ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ತಂತ್ರಾಂಶ) ಎಂಟ್ರಿ ಬಾಕಿ ಇರುತ್ತಿತ್ತು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನ್ ಬರುತ್ತಿತ್ತು. ಸಂಜೆ ಮನೆಗೆ ಹೋದರೆ ದಿನವಿಡೀ ದುಡಿದ ಆಯಾಸ, ಆದರೆ ಶಾಲೆಗಾಗಿ ಏನು ಮಾಡಿದೆ ಅಂತ ಕೇಳಿಕೊಂಡರೆ ಉತ್ತರ ಇರಲಿಲ್ಲ. ಕಲಿಯದೆ ಈ ಕೆಲಸ ಆಗಲ್ಲ ಅಂತ ಗಟ್ಟಿಯಾಗಿದ್ದು ಆಗಲೇ.

ನಮ್ಮಲ್ಲಿ ಮುಖ್ಯೋಪಾಧ್ಯಾಯರಾಗಲು ಬೇರೆ ಲೈಸೆನ್ಸ್ ಅಂತ ಏನೂ ಇಲ್ಲ. ಡಿಗ್ರಿ, ಬಿ.ಎಡ್., ಸೇವೆಯ ವರ್ಷಗಳು, ಅಷ್ಟು ಸಾಕು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಾಗಲ್ಲ ಅಂತ ಆಮೇಲೆ ಓದಿ ತಿಳಿದೆ. ಅಲ್ಲಿ ಪ್ರಿನ್ಸಿಪಾಲ್ ಆಗಬೇಕಾದರೆ ಸಾಮಾನ್ಯವಾಗಿ ಸ್ನಾತಕೋತ್ತರ ಓದು ಮುಗಿಸಿ, ರಾಜ್ಯದಿಂದ ಲೈಸೆನ್ಸ್ ಪಡೆಯಬೇಕು. ಅದರ ಜೊತೆಗೆ ಅನುಭವಿ ಪ್ರಿನ್ಸಿಪಾಲರೊಬ್ಬರ ಕೈಕೆಳಗೆ ಇಂಟರ್ನ್‌ಶಿಪ್ ಕೂಡ ಇರುತ್ತದೆ. ಓದಿದಾಗ ಹೊಟ್ಟೆಯುರಿದಿದ್ದು ನಿಜ. ಒಂದು ಬಸ್ಸು ಓಡಿಸಲು ಬ್ಯಾಜ್ ಬೇಕು. ಇನ್ನೂರು ಮಕ್ಕಳ ಶಾಲೆ ಓಡಿಸಲು ಒಂದು ವಾರದ ಪಾಠವೂ ಇಲ್ಲ ಅಂದರೆ ಹೇಗೆ, ಅಲ್ವಾ?

ಮೊದಲು ಎಂ.ಎಡ್. ಮಾಡೋಣ ಅಂದುಕೊಂಡೆ. ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ. ಆದರೆ 2015ರಿಂದ ಎಂ.ಎಡ್. ಎರಡು ವರ್ಷದ್ದಾಗಿತ್ತು, ದಿನಾ ಕ್ಲಾಸಿಗೆ ಹೋಗಬೇಕಿತ್ತು. ಪ್ರಭಾರ ಹೊತ್ತುಕೊಂಡು ಎರಡು ವರ್ಷ ರಜೆ ಎಲ್ಲಿಂದ ತರಲಿ? ಆಗ ಪಕ್ಕದ ತಾಲೂಕಿನ ಗೆಳತಿಯೊಬ್ಬರು ಮನೆಯಲ್ಲೇ ಓದಬಹುದಾದ, ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಒಂದು ಕೋರ್ಸಿನ ಬಗ್ಗೆ ಹೇಳಿದರು. ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಸ್ನಾತಕೋತ್ತರ ಡಿಪ್ಲೊಮಾ. ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇರುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹತ್ತಿರದಲ್ಲೇ ಕಚೇರಿ ಇದ್ದರೆ ಧೈರ್ಯ ಬೇರೆ. ಏನಾದರೂ ಸಿಕ್ಕಿಹಾಕಿಕೊಂಡರೆ ಹೋಗಿ ಕೇಳಬಹುದು ಅಂತ ಸೇರಿಬಿಟ್ಟೆ.

ಕೋರ್ಸು ಒಟ್ಟು 30 ಕ್ರೆಡಿಟ್. ನಾಲ್ಕು ಪೇಪರ್, ಒಂದು ಪ್ರಾಜೆಕ್ಟ್. ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು ಅಂತ ಲೆಕ್ಕ, ಅಂದರೆ ಎಲ್ಲ ಸೇರಿ 900 ಗಂಟೆ. ಇದನ್ನು ಮೊದಲೇ ಲೆಕ್ಕ ಹಾಕಿ ಕೂತಿದ್ದು ಒಳ್ಳೆಯದಾಯಿತು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಆರೂವರೆಯವರೆಗೆ ಓದು, ಆಮೇಲೆ ರೊಟ್ಟಿ ಬಡಿಯುವುದು. ಪುಸ್ತಕಗಳು ಬಂದಿದ್ದು ಇಂಗ್ಲಿಷಿನಲ್ಲಿ. ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮ. ಮೊದಲ ತಿಂಗಳು ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಪ್ರತಿ ಅಧ್ಯಾಯ ಓದಿದ ಮೇಲೆ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೆ. ಬರೆಯಲು ಆಗದಿದ್ದರೆ ಅರ್ಥವಾಗಿಲ್ಲ ಅಂತ, ಮತ್ತೆ ಓದುತ್ತಿದ್ದೆ. ಹಾಗೆ ತುಂಬಿದ ಎರಡು ಇನ್ನೂರು ಪೇಜಿನ ನೋಟ್‌ಬುಕ್ ಬಹಳ ದಿನ ಆಫೀಸಿನ ಡ್ರಾಯರಿನಲ್ಲೇ ಇದ್ದವು. ಕೋರ್ಸಿನ ಪುಸ್ತಕಗಳಿಗಿಂತ ಅವುಗಳನ್ನೇ ಜಾಸ್ತಿ ತೆಗೆದು ನೋಡುತ್ತಿದ್ದೆ.

ಅಸೈನ್‌ಮೆಂಟ್‌ಗಳನ್ನು ಸುಮ್ನೆ ಮುಗಿಸಬೇಕಾದ ಕೆಲಸ ಅಂದುಕೊಂಡಿದ್ದೆ. ಅವುಗಳಿಗೆ ಅಂಕ ಇರುತ್ತದೆ, ಉಳಿದದ್ದು ಕೊನೆಯ ಪರೀಕ್ಷೆಗೆ. ಆದರೆ ಒಂದು ಅಸೈನ್‌ಮೆಂಟ್ ನನ್ನನ್ನು ಅಲುಗಾಡಿಸಿಬಿಟ್ಟಿತು. ಅದಕ್ಕೋಸ್ಕರ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಮೊದಲ ಸಲ ಪೂರ್ತಿ ಓದಿದೆ. ಐದನೇ ಸೆಕ್ಷನ್. ಮಗು ಶಾಲೆ ಬದಲಿಸಿದಾಗ ಮುಖ್ಯ ಶಿಕ್ಷಕರು ತಕ್ಷಣ ಟಿ.ಸಿ. (ವರ್ಗಾವಣೆ ಪತ್ರ) ಕೊಡಬೇಕು ಅಂತ ಅಲ್ಲಿದೆ. ಟಿ.ಸಿ. ತಡವಾಯಿತು ಅಂತ ಹೊಸ ಶಾಲೆ ಪ್ರವೇಶ ತಡಮಾಡುವ ಹಾಗಿಲ್ಲ, ನಿರಾಕರಿಸುವ ಹಾಗೂ ಇಲ್ಲ. ಟಿ.ಸಿ. ಕೊಡಲು ತಡ ಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮ ಕೂಡ ಆಗಬಹುದು.

ಆ ಪುಟದ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಕೂತೆ. ಅದೇ ಜುಲೈಯಲ್ಲಿ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಎಂಟನೇ ತರಗತಿಗೆ ಸೇರಿಸಲು ಬಂದಿದ್ದರು. ಕೆಲಸಕ್ಕೆ ಹೋಗಿದ್ದ ಊರಿನ ಶಾಲೆಯಿಂದ ಟಿ.ಸಿ. ಬಂದಿರಲಿಲ್ಲ. "ಟಿ.ಸಿ. ತಗೊಂಡು ಬರ್ರಿ, ಆಮೇಲೆ ನೋಡೋಣ" ಅಂದಿದ್ದೆ. ಅವರು ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನೂ ಮರೆತಿದ್ದೆ. ಕಾಯ್ದೆ ಓದಿದ ಮರುದಿನ ಹುಡುಗಿಯ ಹೆಸರು ವಿಚಾರಿಸಿಕೊಂಡು ಅವರ ತಾಂಡಾಕ್ಕೆ ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ, "ಅವ್ರು ಹೋಗಿ ತಿಂಗಳಾತ್ರಿ ಅಕ್ಕೋರ" ಅಂದರು. ಆ ಹುಡುಗಿ ಮತ್ತೆ ನಮ್ಮ ಶಾಲೆಗೆ ಬರಲೇ ಇಲ್ಲ. ನಾನು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಆದರೆ ಕೀಲಿಗೊಂಚಲು ನನ್ನ ಕೈಯಲ್ಲಿತ್ತು, ಗೊತ್ತಿರಬೇಕಾಗಿತ್ತು.

ಪ್ರಾಜೆಕ್ಟಿಗೆ ವಿಷಯ ಯಾವುದು ಅಂತ ಆಮೇಲೆ ಹುಡುಕಲು ಹೋಗಲಿಲ್ಲ. ನಮ್ಮ ಕಡೆ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಮುಕಾದಮ, ಅಂದರೆ ಗ್ಯಾಂಗಿನ ಮೇಸ್ತ್ರಿ, ಮೊದಲೇ ಅಡ್ವಾನ್ಸ್ ಕೊಟ್ಟಿರುತ್ತಾನೆ. ಬಾಗಲಕೋಟೆ, ಬೆಳಗಾವಿ ಕಡೆಯ ಕಾರ್ಖಾನೆಗಳಿಗೆ, ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಮಕ್ಕಳು ಜೊತೆಗೇ ಹೋಗುತ್ತಾರೆ, ವಾಪಸ್ ಬರುವುದು ಯುಗಾದಿ ಹೊತ್ತಿಗೆ. ನಾನು ಮೂರು ವರ್ಷದ ಹಾಜರಿ ಪುಸ್ತಕಗಳನ್ನು ತೆಗೆದು ಒಂದೊಂದೇ ಹೆಸರಿನ ಮುಂದೆ ತಿಂಗಳು ತಿಂಗಳಿನ ಹಾಜರಿ ಎಣಿಸಿದೆ. ಅಕ್ಟೋಬರ್‌ವರೆಗೆ ಸಾಲು ತುಂಬಿರುತ್ತದೆ. ನವೆಂಬರಿನಿಂದ ಕೆಂಪು ಇಂಕಿನ ಗೈರು, ಗೈರು, ಗೈರು. ಎಂಟನೇ ತರಗತಿಯ 43 ಮಕ್ಕಳಲ್ಲಿ 9 ಮಕ್ಕಳ ಸಾಲು ಹೀಗೇ ಇತ್ತು. ಅದರಲ್ಲಿ ನಾಲ್ವರು ಹತ್ತನೇ ತರಗತಿ ಮುಟ್ಟಲೇ ಇಲ್ಲ. ಪ್ರತಿ ತಿಂಗಳು ಆ ಪುಸ್ತಕಕ್ಕೆ ಸಹಿ ಹಾಕುತ್ತಿದ್ದವರಲ್ಲಿ ಕ್ಲಾಸ್ ಟೀಚರ್ ಆಗಿ ನಾನೂ ಒಬ್ಬಳು. ಒಂದೊಂದು ದಿನದ ಗೈರು ನೋಡಿದ್ದೆ, ಇಡೀ ಸಾಲನ್ನು ಒಟ್ಟಿಗೆ ನೋಡಿರಲಿಲ್ಲ.

ಪ್ರಾಜೆಕ್ಟ್ ಬರೆಯುವಾಗಲೇ ಕೆಲಸವೂ ಶುರುವಾಯಿತು. ಪಾಲಕರ ಸಭೆಯನ್ನು ಶಾಲೆಯಲ್ಲಿ ಮಧ್ಯಾಹ್ನ ಮೂರಕ್ಕೆ ಇಟ್ಟರೆ ಕೂಲಿಗೆ ಹೋದವರು ಬರುವುದು ಹೇಗೆ? ಅಕ್ಟೋಬರ್ ಮೊದಲ ವಾರ ರಾತ್ರಿ ಏಳೂವರೆಗೆ ತಾಂಡಾದ ಗುಡಿ ಕಟ್ಟೆಯ ಮೇಲೆ ಸಭೆ ಮಾಡಿದೆವು. ಯಾರು ಹೋಗುತ್ತಾರೆ, ಯಾವ ಕಾರ್ಖಾನೆಗೆ, ಮಗು ಅಜ್ಜಿ ಜೊತೆ ಉಳಿಯುತ್ತದಾ ಅಥವಾ ಜೊತೆಗೆ ಹೋಗುತ್ತದಾ ಅಂತ ಬರೆದುಕೊಂಡೆವು. ಜೊತೆಗೆ ಹೋಗುವ ಎಂಟನೇ ತರಗತಿ ಮಕ್ಕಳ ಕೈಗೆ ಶಾಲೆಯ ಸೀಲ್ ಹಾಕಿದ ಒಂದು ಪತ್ರ ಕೊಟ್ಟೆವು. ಇವರು ನಮ್ಮ ವಿದ್ಯಾರ್ಥಿ, ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ ಸೇರಿಸಿಕೊಳ್ಳಿ, ದಾಖಲೆ ಬೇಕಿದ್ದರೆ ಈ ನಂಬರಿಗೆ ಫೋನ್ ಮಾಡಿ, ಅಷ್ಟೇ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿವೆ ಅಂತ ಪಾಲಕರಿಗೆ ಹೇಳಿದೆವು. ಎಲ್ಲ ಮಕ್ಕಳೂ ಹೋದಲ್ಲಿ ಶಾಲೆಗೆ ಸೇರಲಿಲ್ಲ. ಆ ವರ್ಷ ಇಬ್ಬರು ಸೇರಿದರು. ಮೂವರನ್ನು ಮನೆಯವರು ಅಜ್ಜಿ ಹತ್ತಿರ ಬಿಟ್ಟು ಹೋದರು.

ಇನ್ನು ಪಾಠ ವೀಕ್ಷಣೆಯ ವಿಷಯ. ಮೊದಲು ನನಗೆ ಗೊತ್ತಿದ್ದ ವೀಕ್ಷಣೆ ಅಂದರೆ ಬಾಗಿಲಲ್ಲಿ ಎರಡು ನಿಮಿಷ ನಿಂತು, ಪಾಠ ಟಿಪ್ಪಣಿಗೆ ಸಹಿ ಹಾಕಿ ಬರುವುದು. ಓದುತ್ತಾ ಓದುತ್ತಾ ಅದು ವೀಕ್ಷಣೆಯೇ ಅಲ್ಲ ಅಂತ ಗೊತ್ತಾಯಿತು. ನಮ್ಮ ವಿಜ್ಞಾನದ ಸರ್ ಇನ್ನೂ ಚಿಕ್ಕ ವಯಸ್ಸಿನವರು, ಹುರುಪಿನವರು. ಅವರನ್ನು ಕೇಳಿ, ಒಪ್ಪಿದ ಮೇಲೆ, ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಪೂರ್ತಿ ಪೀರಿಯಡ್ ಕೂತೆ. ಹಾಳೆಯ ಮೇಲೆ ಬೆಂಚುಗಳ ನಕ್ಷೆ ಹಾಕಿಕೊಂಡಿದ್ದೆ. ಸರ್ ಯಾರಿಗೆ ಪ್ರಶ್ನೆ ಕೇಳುತ್ತಾರೋ ಆ ಜಾಗದಲ್ಲಿ ಒಂದು ಗೆರೆ. ಬೇರೆ ಏನೂ ಬರೆಯಲಿಲ್ಲ. ನಲವತ್ತು ನಿಮಿಷ ಆದ ಮೇಲೆ ನೋಡಿದರೆ ಮುಂದಿನ ಎರಡು ಸಾಲು ಗೆರೆಗಳಿಂದ ತುಂಬಿತ್ತು. ಹುಡುಗಿಯರ ಕಡೆಯ ಹಿಂದಿನ ಮೂರು ಬೆಂಚುಗಳಲ್ಲಿ ಒಂದು ಗೆರೆಯೂ ಇರಲಿಲ್ಲ.

ಸ್ಟಾಫ್ ರೂಮಿನಲ್ಲಿ ಬೇಡ ಅಂತ ಬೇವಿನ ಮರದ ಕೆಳಗೆ ಕೂತು ಹಾಳೆಯನ್ನು ಅವರ ಕೈಗೆ ಕೊಟ್ಟೆ. ಸರ್ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೇಡಂ, ನಾಳೆ ನಿಮ್ಮ ಕ್ಲಾಸಿಗೆ ನಾನು ಕೂಡ್ಲೇನ್ರಿ?" ಅಂತ ಕೇಳಿದರು. ಬರ್ರಿ ಅಂದೆ. ಮರುದಿನ ನನ್ನ ಗಣಿತದ ಪೀರಿಯಡ್‌ನಲ್ಲಿ ಅವರು ಹಾಕಿದ ನಕ್ಷೆ ಬಂತು. ಹಿಂದಿನ ಬೆಂಚುಗಳು ನನ್ನದರಲ್ಲೂ ಖಾಲಿ! ಹದಿನಾರು ವರ್ಷ ಚೆನ್ನಾಗಿ ಕಲಿಸಿದೆ ಅಂದುಕೊಂಡಿದ್ದವಳು ನಾನು. ಅವತ್ತಿನಿಂದ ತಿಂಗಳಿಗೆ ಒಮ್ಮೆ ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂರುವುದು ನಮ್ಮಲ್ಲಿ ರೂಢಿಯಾಯಿತು. ಆ ಹಾಳೆಗಳು ಯಾರ ಸೇವಾ ಪುಸ್ತಕಕ್ಕೂ ಹೋಗುವುದಿಲ್ಲ, ಮೇಲಿನ ಕಚೇರಿಗೂ ಹೋಗುವುದಿಲ್ಲ. ಇದನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಿದ್ದೆ. ಹೇಳದೇ ಇದ್ದಿದ್ದರೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಲೆಕ್ಕಪತ್ರವನ್ನು ಪುಸ್ತಕದಿಂದ ಕಲಿಯಲು ಆಗಲಿಲ್ಲ. ಅಮೆರಿಕದವರ ಇಂಟರ್ನ್‌ಶಿಪ್ ನೆನಪಿಗೆ ಬಂತು. ನಿವೃತ್ತರಾದ ನಮ್ಮ ಸರ್ ಮನೆಗೆ ಆರು ಭಾನುವಾರ ಹೋದೆ. ಹಳೆಯ ವೋಚರ್ ಫೈಲ್ ಮುಂದಿಟ್ಟುಕೊಂಡು, ಯಾವ ಖರ್ಚು ಯಾವ ತಲೆಬರಹಕ್ಕೆ, ಅನುದಾನದ ದುಡ್ಡನ್ನು ಯಾವುದಕ್ಕೆ ಮುಟ್ಟಬಾರದು, ಆಡಿಟ್‌ನವರು ಮೊದಲು ಏನು ಕೇಳುತ್ತಾರೆ ಅಂತ ಒಂದೊಂದಾಗಿ ಹೇಳಿಕೊಟ್ಟರು. ಅವರ ಮನೆಯವರು ಪ್ರತಿ ಸಲ ಉಪ್ಪಿಟ್ಟು ಮಾಡಿಕೊಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಹೇಳಿಕೊಡುತ್ತಿದ್ದರು. ಕೇಳಲು ನನಗೇ ಸಂಕೋಚವಿತ್ತು.

ಪರೀಕ್ಷೆ ಡಿಸೆಂಬರಿನಲ್ಲಿ ಬಂತು. ಆ ಸಲ ಎಳ್ಳ ಅಮಾವಾಸ್ಯೆಗೆ ಮನೆಯವರೆಲ್ಲ ಹೊಲಕ್ಕೆ ಹೋದರೂ ನಾನು ಪ್ರಾಜೆಕ್ಟಿನ ಕೊನೆಯ ಅಧ್ಯಾಯ ಬರೆಯುತ್ತಾ ಉಳಿದೆ. ಚರಗ ಚೆಲ್ಲಿ ಬಂದವರು ಡಬ್ಬಿಯಲ್ಲಿ ಸಜ್ಜೆ ಕಡುಬು, ಭಜ್ಜಿ ಪಲ್ಯ ತಂದುಕೊಟ್ಟರು. ಎಲ್ಲ ಪೇಪರ್ ಪಾಸಾಗಲು ಎರಡು ವರ್ಷ ಹಿಡಿಯಿತು. ಒಂದು ವರ್ಷದಲ್ಲೂ ಮುಗಿಸಬಹುದು, ಆದರೆ ಕೆಲಸದಲ್ಲಿ ಇರುವವರು ಎರಡು ವರ್ಷ ಅಂತಲೇ ಹೊರಡುವುದು ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಎಸ್‌ಎಸ್‌ಎಲ್‌ಸಿ ಕೆಲಸದ ಮಧ್ಯೆ ಒಂದು ಪುಟವೂ ಓದಲು ಆಗಲ್ಲ.

ಈ ದಾರಿಗೆ ಬರಬೇಕು ಅಂದುಕೊಂಡವರಿಗೆ ಒಂದೆರಡು ಮಾತು. ಡಿಪ್ಲೊಮಾಗೆ ಕೈಹಾಕುವ ಮೊದಲು ದೆಹಲಿಯ ನೀಪಾ ಸಂಸ್ಥೆಯ ಶಾಲಾ ನಾಯಕತ್ವ ಕೇಂದ್ರದ ಆನ್‌ಲೈನ್ ಕೋರ್ಸ್ ನೋಡಿ, ಅದಕ್ಕೆ ಶುಲ್ಕ ಇಲ್ಲ. ತನ್ನನ್ನು ತಾನು ಬೆಳೆಸಿಕೊಳ್ಳುವುದು, ಕಲಿಕೆ ಬೋಧನೆ ಬದಲಿಸುವುದು, ತಂಡ ಕಟ್ಟುವುದು, ಊರಿನವರ ಜೊತೆ ಸೇರಿ ಕೆಲಸ ಮಾಡುವುದು, ಆಡಳಿತ, ಹೀಗೆ ಭಾಗ ಭಾಗವಾಗಿ ಇದೆ. ಈ ಕೆಲಸ ನನಗೆ ಹಿಡಿಸುತ್ತಾ ಅಂತ ತಿಳಿಯಲು ಅಷ್ಟು ಸಾಕು. ಸಿಬಿಎಸ್‌ಇ ಶಾಲೆಯ ಪ್ರಿನ್ಸಿಪಾಲ್ ಆಗುವ ಆಸೆ ಇದ್ದರೆ ಸ್ನಾತಕೋತ್ತರ ಪದವಿ, ಬಿ.ಎಡ್., ಪಾಠ ಮಾಡಿದ ಅನುಭವ ಮೂರನ್ನೂ ಕೇಳುತ್ತಾರೆ, ಅದನ್ನು ಮೊದಲೇ ಜೋಡಿಸಿಕೊಳ್ಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ವರ್ಷಕ್ಕೆ 50 ಗಂಟೆ ತರಬೇತಿ ಇರಬೇಕು ಅನ್ನುತ್ತದೆ. ಆ 50 ಗಂಟೆಯನ್ನು ಹಾಜರಿಗೆ ಸಹಿ ಹಾಕಿ ಕಳೆಯಬೇಡಿ. ನಿಮ್ಮ ಶಾಲೆಯ ಒಂದೇ ಒಂದು ತೊಂದರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ ಕೂರಿ. ಪ್ರಾಜೆಕ್ಟ್ ಬಂದಾಗಲೂ ಯಾರೋ ಮಾಡಿದ್ದನ್ನು ನಕಲು ಮಾಡಬೇಡಿ. ನಿಮ್ಮ ಬೀರುವಿನಲ್ಲಿರುವ ಹಾಜರಿ ಪುಸ್ತಕವೇ ಸಾಕಷ್ಟು ಹೇಳುತ್ತದೆ.

ವಿಜ್ಞಾನದ ಸರ್ ಈಗ ಅದೇ ಡಿಪ್ಲೊಮಾಗೆ ಸೇರಿದ್ದಾರೆ. ನನ್ನ ಎರಡು ನೋಟ್‌ಬುಕ್ ಅವರ ಹತ್ತಿರ ಇವೆ, ಬೇಕಾದಾಗ ಕೇಳಿ ತರಿಸಿಕೊಳ್ಳುತ್ತೇನೆ. ಹೋದ ತಿಂಗಳು ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಟಿ.ಸಿ. ಇರಲಿಲ್ಲ. ನಾನು ಮೀಟಿಂಗಿಗೆ ಹೋಗಿದ್ದೆ. ವಾಪಸ್ ಬಂದು ನೋಡಿದರೆ ಹುಡುಗ ಎಂಟನೇ ತರಗತಿಯ ಎರಡನೇ ಬೆಂಚಿನಲ್ಲಿ ಕೂತಿದ್ದ. ಸರ್ ಹಾಜರಿ ಪುಸ್ತಕದ ಕೊನೆಗೆ ಪೆನ್ಸಿಲಿನಲ್ಲಿ ಅವನ ಹೆಸರು ಬರೆದು, ಹಳೆಯ ಶಾಲೆಯ ಫೋನ್ ನಂಬರನ್ನು ನನ್ನ ಟೇಬಲ್ ಮೇಲೆ ಇಟ್ಟಿದ್ದರು.